ಆಟಿಯ ಮಳೆ, ಏಪ್ರಿಲ್ ಬಿಸಿಲು: ಕುಡಿಯುವ ನೀರಿನ ಪೆಟ್ಟಿಗೆ ಕಟ್ಟಿದ ದಿನಚರಿ

ನಮ್ಮ ಮನೆ ಉದ್ಯಾವರದಲ್ಲಿ, ಹೊಳೆಯ ಬದಿಯಲ್ಲಿದೆ. ಬಾವಿಯಲ್ಲಿ ನೀರಿಗೆ ಬರವಿಲ್ಲ, ನಡುಬೇಸಿಗೆಯಲ್ಲೂ ಒಂದಾಳು ನೀರು ನಿಲ್ಲುತ್ತದೆ. ಆದರೆ ಮಾರ್ಚ್ ಬಂದಿತೆಂದರೆ ಉಬ್ಬರದ ನೀರು ಹೊಳೆಯಲ್ಲಿ ಮೇಲೇರುತ್ತದೆ, ಅದರ ಹಿಂದೆಯೇ ಬಾವಿಗೆ ಉಪ್ಪು ಇಳಿಯುತ್ತದೆ. ಏಪ್ರಿಲ್‌ನಲ್ಲಿ ಗಂಜಿಗೆ ಉಪ್ಪು ಹಾಕುವ ಅಗತ್ಯವೇ ಇರುವುದಿಲ್ಲ. 2019ರ ಮೇ ತಿಂಗಳಿನಲ್ಲಿ ಬಜೆ ಅಣೆಕಟ್ಟಿನ ನೀರು ತಳ ಕಂಡಾಗ ಉಡುಪಿ ಪೇಟೆಯವರು ಟ್ಯಾಂಕರ್‌ಗಾಗಿ ಕಾದರು. ನಮಗೆ ಪ್ರತಿ ಬೇಸಿಗೆಯೂ ಹಾಗೆಯೇ.

ಹೋದ ವರ್ಷ ಏಪ್ರಿಲ್‌ನಲ್ಲಿ ತಮ್ಮನ ಎರಡೂವರೆ ವರ್ಷದ ಮಗನಿಗೆ ವಾಂತಿಭೇದಿಯಾಗಿ ಎರಡು ರಾತ್ರಿ ಗ್ಲೂಕೋಸ್ ಕೊಡಿಸಬೇಕಾಯಿತು. ಟ್ಯಾಂಕರ್ ನೀರಿನಿಂದಲೇ ಹಾಗಾಯಿತೆಂದು ತೋರಿಸಲು ನನ್ನ ಬಳಿ ಆಧಾರವಿಲ್ಲ. ಆದರೆ ಆಸ್ಪತ್ರೆಯ ಮಂಚದ ಪಕ್ಕ ಕುಳಿತಿದ್ದಾಗ ಒಂದೇ ಯೋಚನೆ ಕಾಡಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಾಡಿನಿಂದ ಇಳಿದು ಹೊಳೆ ಸೇರುವ ನೀರಿನಲ್ಲಿ ಎರಡು ಸಾವಿರ ಲೀಟರ್ ಹಿಡಿದಿಟ್ಟರೆ ಐದು ಜನರ ಮನೆಗೆ ಬೇಸಿಗೆಯ ಕುಡಿಯುವ ನೀರು ಸಿಗುತ್ತದೆ. ಅದನ್ನು ಕುದಿಸಲು ಗ್ಯಾಸ್ ಸುಡಬೇಕಾಗಿಲ್ಲ; ನೀರು ಬೇಕಾಗುವ ತಿಂಗಳುಗಳಲ್ಲೇ ಬಿಸಿಲೂ ಧಾರಾಳವಾಗಿದೆ.

ಮಳೆನೀರನ್ನು ಹಿಡಿದಿಟ್ಟು, ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿಲಿನಿಂದಲೇ ಕಾಯಿಸಿ ರೋಗಾಣುಗಳನ್ನು ಕೊಲ್ಲಲು ಮಾಡಿದ್ದೆಲ್ಲವನ್ನೂ ತಪ್ಪುಗಳ ಸಮೇತ ಬರೆದಿಡುತ್ತಿದ್ದೇನೆ.

ಮೇ 18ರಿಂದ 24: ಮಾಡು ಮತ್ತು ದಂಬೆ

ತಾರಸಿ ಸೋರುತ್ತಿದ್ದುದರಿಂದ ಎಂಟು ವರ್ಷಗಳ ಹಿಂದೆಯೇ ಅದರ ಮೇಲೆ ಬಣ್ಣದ ತಗಡಿನ ಮಾಡು ಹಾಕಿಸಿದ್ದೆವು. ಅಳತೆ 8 ಮೀಟರ್‌ಗೆ 7.5 ಮೀಟರ್, ಒಟ್ಟು 60 ಚದರ ಮೀಟರ್. ಒಂದು ಮಿಲಿಮೀಟರ್ ಮಳೆ ಬಿದ್ದರೆ 60 ಲೀಟರ್ ನೀರು. ಅಡುಗೆಮನೆಯ ಮೇಲಿನ ಹಳೆಯ ಹಂಚಿನ ಮಾಡಿನ ನೀರು ಬೇಡವೆಂದು ಮೊದಲೇ ತೀರ್ಮಾನಿಸಿದ್ದೆ. ಹಂಚು ಮಳೆಗಾಲವಿಡೀ ಪಾಚಿ ಹಿಡಿದಿರುತ್ತದೆ, ಅದರ ಸಂದಿಗಳಲ್ಲಿ ಇಲಿಗಳು ಓಡಾಡುತ್ತವೆ. ಮಳೆಗಾಲದಲ್ಲಿ ಇಲಿಜ್ವರ ಕಾಣಿಸಿಕೊಳ್ಳುವ ಜಿಲ್ಲೆ ನಮ್ಮದು. ತಗಡಿನ ಮೇಲೆಯೂ ಕಾಗೆ, ಬೆಕ್ಕು, ಇಲಿ ಬರದೆ ಇರುವುದಿಲ್ಲ, ಆದರೆ ನುಣುಪಾದ ತಗಡನ್ನು ಮಳೆ ಸರಿಯಾಗಿ ತೊಳೆಯುತ್ತದೆ. ಮಾಡಿನ ಮೇಲೆ ಬಾಗಿದ್ದ ಮಾವಿನ ಎರಡು ಕೊಂಬೆಗಳನ್ನು ತಮ್ಮ ಕಡಿದು ಹಾಕಿದ.

ದಂಬೆಗೆ, ಅಂದರೆ ಮಾಡಿನ ಅಂಚಿನಲ್ಲಿ ನೀರು ಹಿಡಿದು ಹರಿಸುವ ಕಾಲುವೆಗೆ, ಆರು ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿದೆವು. ಇಲ್ಲಿ ಮೊದಲ ತಪ್ಪಾಯಿತು. ಇಳಿಜಾರನ್ನು ಕಣ್ಣಂದಾಜಿನಲ್ಲಿ ಕೊಟ್ಟೆವು. ಕೊಡದಲ್ಲಿ ನೀರು ಸುರಿದು ನೋಡಿದರೆ ದಂಬೆಯ ನಡುವೆ ಎರಡು ಬೆರಳು ನೀರು ನಿಂತಿತು. ಹಾಗೆಯೇ ಬಿಟ್ಟಿದ್ದರೆ ಸೊಳ್ಳೆಯ ತೊಟ್ಟಿಲು. ಎಲ್ಲ ಹಿಡಿಕೆಗಳನ್ನು ಬಿಚ್ಚಿ, ಮೇಸ್ತ್ರಿಯವರಿಂದ ನೀರು ತುಂಬಿದ ಮಟ್ಟದ ನಳಿಗೆ ತಂದು, ಮೀಟರ್‌ಗೆ ಒಂದು ಸೆಂಟಿಮೀಟರ್‌ನಂತೆ ಎಂಟು ಮೀಟರ್‌ಗೆ ಎಂಟು ಸೆಂಟಿಮೀಟರ್ ಇಳಿಜಾರು ಕೊಟ್ಟೆವು. ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆಯ ದಿನಕ್ಕೆ ಸರಿಯಾಗಿ ಕೆಲಸ ಮುಗಿಯಿತು.

ಜೂನ್: ಮೊದಲ ನೀರನ್ನು ಹೊರಗೆ ಹಾಕುವುದು

ಪ್ರತಿ ಮಳೆಯ ಮೊದಲ ನೀರು ಮಾಡಿನ ಕೊಳೆಯನ್ನೆಲ್ಲ ಹೊತ್ತು ತರುತ್ತದೆ. ಅದು ಟ್ಯಾಂಕ್‌ಗೆ ಹೋಗಬಾರದು. ಹಾಗಾಗಿ ಇಳಿಯುವ ಪೈಪಿನಲ್ಲಿ ಟಿ ಆಕಾರದ ತುಂಡು ಜೋಡಿಸಿ, ಅದರ ಕೆಳಗೆ 110 ಮಿಲಿಮೀಟರಿನ ಎರಡು ಮೀಟರ್ ಪೈಪನ್ನು ತಳ ಮುಚ್ಚಿ ನಿಲ್ಲಿಸಿದೆ. ಅದು ತುಂಬಿದ ಮೇಲೆ ನೀರು ಪಕ್ಕದ ದಾರಿಯಲ್ಲಿ ಟ್ಯಾಂಕ್‌ಗೆ ಹೋಗಬೇಕು.

ಜೂನ್ 9ರ ಮಳೆಗೆ ಪರೀಕ್ಷೆ ಮಾಡಿದೆ. ಪೈಪ್ ತುಂಬಿದ ನಂತರ ಬಂದ ನೀರನ್ನು ಗಾಜಿನ ಲೋಟದಲ್ಲಿ ಹಿಡಿದರೆ ಇನ್ನೂ ಚಹಾದ ಬಣ್ಣ. ಆ ಪೈಪ್ ಹಿಡಿಯುವುದು 17 ಲೀಟರ್ ಮಾತ್ರ. ನನ್ನ ಮಾಡಿಗೆ ಒಂದು ಮಿಲಿಮೀಟರ್ ಮಳೆಯನ್ನಾದರೂ ಹೊರಗೆ ಹಾಕಬೇಕಾದರೆ 60 ಲೀಟರ್ ಹಿಡಿಯುವ ಪಾತ್ರೆ ಬೇಕು. ಲೆಕ್ಕ ನನಗೆ ಗೊತ್ತಿತ್ತು. ಪೈಪ್ ಮನೆಯಲ್ಲೇ ಬಿದ್ದಿತ್ತೆಂದು ಬಳಸಿದ್ದೆ. ಗುಜರಿಯಿಂದ 100 ಲೀಟರಿನ ಹಳೆಯ ಡ್ರಮ್ ತಂದೆ. ಮೊದಲು ಅದರಲ್ಲಿ ಏನಿತ್ತೆಂದು ವಿಚಾರಿಸಿಕೊಂಡೆ, ಉಪ್ಪಿನಕಾಯಿಯ ಡ್ರಮ್ ಅದು. ತಳದಲ್ಲಿ ಸಣ್ಣ ನಲ್ಲಿ ಹಾಕಿ, ಹನಿ ಹನಿಯಾಗಿ ಸದಾ ಸೋರುವಷ್ಟು ತೆರೆದಿಟ್ಟೆ. ಮಳೆ ನಿಂತ ಮೇಲೆ ಡ್ರಮ್ ತಾನಾಗಿಯೇ ಖಾಲಿಯಾಗಿ ಮುಂದಿನ ಮಳೆಗೆ ಸಿದ್ಧವಾಗಬೇಕು.

ಜೂನ್ 27ರಂದು ನೋಡಿದರೆ ನಲ್ಲಿಯ ಬಾಯಿಗೆ ಒಂದು ಮಾವಿನ ಎಲೆಯ ಚೂರು ಸಿಕ್ಕಿಕೊಂಡಿತ್ತು. ಡ್ರಮ್ ಎಷ್ಟೋ ದಿನಗಳಿಂದ ತುಂಬಿಯೇ ಇತ್ತು. ಅಷ್ಟೂ ದಿನಗಳ ಮೊದಲ ನೀರು ನೇರವಾಗಿ ಟ್ಯಾಂಕ್‌ನ ದಾರಿ ಹಿಡಿದಿತ್ತು. ಟ್ಯಾಂಕ್‌ನ ತಳದ ನಲ್ಲಿ ಆಗ ತೆರೆದೇ ಇದ್ದುದರಿಂದ ನಷ್ಟವಾಗಲಿಲ್ಲ. ಈಗ ಡ್ರಮ್‌ನ ಬಾಯಿಗೆ ನೈಲಾನ್ ಜಾಲರಿ ಕಟ್ಟಿದ್ದೇನೆ, ಮಳೆ ಬಿಟ್ಟ ದಿನ ಸಂಜೆ ಡ್ರಮ್ಮನ್ನು ಕೈಯಿಂದ ತಟ್ಟಿ ನೋಡುತ್ತೇನೆ. ಖಾಲಿಯಾಗಿದ್ದರೆ ಸದ್ದಿನಲ್ಲೇ ತಿಳಿಯುತ್ತದೆ.

ಜುಲೈ 23ರಿಂದ 25: ಟ್ಯಾಂಕ್ ತುಂಬಿಸಿದ್ದು

ಟ್ಯಾಂಕ್ 2,000 ಲೀಟರಿನದು, ಕಪ್ಪು, ಒಳಗೆ ಬೆಳಕು ಬೀಳದಂಥದ್ದು. ಕೆಂಪುಕಲ್ಲಿನ ಕಟ್ಟೆಯ ಮೇಲೆ ಕೂರಿಸಿದೆವು. ಕಟ್ಟೆಯ ಎತ್ತರ 60 ಸೆಂಟಿಮೀಟರ್, ನಲ್ಲಿಯ ಕೆಳಗೆ ಪಾತ್ರೆ ಇಡಲು ಅಷ್ಟು ಬೇಕು.

ಮಳೆನೀರು ಹಿಡಿಯಬೇಕೆಂದಿರುವ ನಮ್ಮ ಊರಿನವರಿಗೆ ಒಂದು ಮಾತು ಹೇಳಲೇಬೇಕು. ಉಡುಪಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ನನ್ನ ಟ್ಯಾಂಕ್ ತುಂಬಲು ನಲವತ್ತು ಮಿಲಿಮೀಟರ್ ಸಾಕು. ಆಟಿ ಎಂಬ ತುಳು ತಿಂಗಳಿನ (ಜುಲೈ-ಆಗಸ್ಟ್) ಒಂದು ಹಗಲಿನ ಮಳೆಗೆ ಅದು ತುಂಬಿ ಹರಿಯುತ್ತದೆ. ಹಾಗಿರುವಾಗ ಜೂನ್ ತಿಂಗಳ ನೀರಿಗೆ ಆಸೆ ಪಡುವುದು ಏಕೆ? ಬೇಸಿಗೆಯ ಧೂಳು, ಹಕ್ಕಿಯ ಹಿಕ್ಕೆ, ಒಣಗಿದ ಎಲೆ ಎಲ್ಲವನ್ನೂ ಒಂದೂವರೆ ತಿಂಗಳ ಮಳೆ ತೊಳೆದು ಹೊಳೆಗೆ ಒಯ್ಯಲಿ. ನಾನು ಜುಲೈ 23ರವರೆಗೆ ಒಂದು ಹನಿಯನ್ನೂ ಉಳಿಸಿಕೊಳ್ಳಲಿಲ್ಲ. ಆ ದಿನ ಟ್ಯಾಂಕ್‌ನ ಒಳಮೈಯನ್ನು ಬ್ಲೀಚಿಂಗ್ ಪುಡಿ ಕರಗಿಸಿದ ನೀರಿನಿಂದ ಉಜ್ಜಿ, ಎರಡು ಸಲ ಮಳೆನೀರಿನಲ್ಲೇ ತೊಳೆದು ಚೆಲ್ಲಿ, ಮೂರನೆಯ ಸಲ ನಲ್ಲಿ ಮುಚ್ಚಿದೆ. ಜುಲೈ 25ರ ಬೆಳಗ್ಗೆ ತುಂಬಿತ್ತು. ಬರುವ ಬಾಯಿಗೂ ತುಂಬಿ ಹೋಗುವ ಬಾಯಿಗೂ ಸೊಳ್ಳೆ ಪರದೆಯ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಬಿಗಿದೆ. ಮಲೇರಿಯಾದ ಸೊಳ್ಳೆ ಮೊಟ್ಟೆ ಇಡುವುದು ಇಂಥ ಶುದ್ಧ ನೀರಿನಲ್ಲೇ. ಈ ಪರದೆಯನ್ನು ಮರೆತರೆ ಒಂದು ಕಾಯಿಲೆಯನ್ನು ಹೊರಗೆ ಹಾಕಿ ಇನ್ನೊಂದನ್ನು ಒಳಗೆ ಕರೆದಂತೆ.

ಅಕ್ಟೋಬರ್ 11: ಬಾಟಲಿಗಳು

ಪೆಟ್ಟಿಗೆಗೆ ಮೊದಲು ಸುಲಭದ ದಾರಿಯೊಂದನ್ನು ನೋಡಿದೆ. ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಗಳಲ್ಲಿ ತಿಳಿನೀರು ತುಂಬಿ ಬಿಸಿಲಿಗೆ ಆರು ಗಂಟೆ ಇಡುವುದು. ಅರ್ಧಕ್ಕಿಂತ ಹೆಚ್ಚು ಆಕಾಶ ಮೋಡವಿದ್ದರೆ ಎರಡು ದಿನ. 1990ರ ದಶಕದಿಂದ ಸ್ವಿಟ್ಜರ್ಲೆಂಡಿನ ಎಯಾವಾಗ್ ಸಂಸ್ಥೆ ಪ್ರಚಾರ ಮಾಡಿದ ವಿಧಾನ ಇದು, ಕೆಲಸವನ್ನೂ ಮಾಡುತ್ತದೆ. ನನಗೆ ಒಗ್ಗದೆ ಇರಲು ಕಾರಣ ಎರಡು. ದಿನಕ್ಕೆ 12 ಲೀಟರ್ ಬೇಕಾದರೆ ಒಂದೂವರೆ ಲೀಟರಿನ ಎಂಟು ಬಾಟಲಿ ತೊಳೆದು ತುಂಬಿ ಸಾಲಾಗಿ ಇಡಬೇಕು. ಅದಕ್ಕಿಂತ ದೊಡ್ಡ ಕಾರಣವೆಂದರೆ ನೀರು ಆಯಿತೋ ಇಲ್ಲವೋ ಎಂದು ನೋಡಿ ತಿಳಿಯುವ ಗುರುತು ಅಲ್ಲಿಲ್ಲ. ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಹೊತ್ತಿಗೆ ಗುಡುಗುಮೋಡ ಕಟ್ಟುವ ಊರಿನಲ್ಲಿ ಕಚೇರಿಗೆ ಹೋದವಳು ಆಕಾಶದ ಲೆಕ್ಕ ಇಡುವುದು ಹೇಗೆ? ಶಾಖಕ್ಕಾದರೆ ಅಳತೆ ಇದೆ.

ಆ ಅಳತೆ ಹಾಲಿನ ಡೇರಿಯವರಿಗೆ ಗೊತ್ತಿರುವಂಥದ್ದೇ. ನೀರು ಕುದಿಯಬೇಕಾಗಿಲ್ಲ, ಇಡೀ ನೀರು 65 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಕೆಲವು ನಿಮಿಷ ಅಲ್ಲಿ ನಿಂತರೆ ಭೇದಿ ತರುವ ರೋಗಾಣುಗಳು ಸಾಯುತ್ತವೆ. ಕ್ಯಾಲಿಫೋರ್ನಿಯಾದ ಡೇವಿಡ್ ಸಿಯೋಕೆಟ್ಟಿ ಮತ್ತು ರಾಬರ್ಟ್ ಮೆಟ್ಕಾಫ್ 1984ರಲ್ಲೇ ಬಿಸಿಲಿನ ಪೆಟ್ಟಿಗೆಯಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ನಾನು 70 ಡಿಗ್ರಿಯನ್ನು ಗುರಿಯಾಗಿ ಇಟ್ಟುಕೊಂಡೆ.

ಅಕ್ಟೋಬರ್ 19ರಿಂದ ನವೆಂಬರ್ 3: ಮೊದಲ ಪೆಟ್ಟಿಗೆ ಕೆಟ್ಟಿತು

ನೆರೆಯ ಆಚಾರಿಯವರು ಪ್ಲೈವುಡ್‌ನಲ್ಲಿ ಪೆಟ್ಟಿಗೆ ಮಾಡಿಕೊಟ್ಟರು. ಹೊರ ಅಳತೆ 75 ಸೆಂಟಿಮೀಟರ್ ಚೌಕ, ಒಳಗೆ 60 ಸೆಂಟಿಮೀಟರ್ ಚೌಕ, ಒಳ ಆಳ 18 ಸೆಂಟಿಮೀಟರ್. ಒಳಮೈಗೆ ಕಪ್ಪು ಬಳಿದ, ಸತು ಲೇಪದ ಕಬ್ಬಿಣದ (ಜಿ.ಐ.) ತಗಡು. ಮೇಲೆ 4 ಮಿಲಿಮೀಟರಿನ ಎರಡು ಗಾಜು, ನಡುವೆ ಒಂದೂವರೆ ಸೆಂಟಿಮೀಟರ್ ಅಂತರ. ಗಾಜಿನ ಅಂಚಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಕೊಟ್ಟು ಗಾಳಿ ನುಸುಳದಂತೆ ಮಾಡಿದೆವು. ಎರಡು ಗೋಡೆಗಳ ನಡುವಿನ ಏಳೂವರೆ ಸೆಂಟಿಮೀಟರ್ ಜಾಗಕ್ಕೆ ಥರ್ಮೊಕೋಲ್ ತುಂಬಿದೆ.

ಅದು ಸಲ್ಲದೆಂದು ಆಚಾರಿಯವರು ಮೊದಲೇ ಹೇಳಿದ್ದರು. "ಬಿಸಿಗೆ ಅದು ಕುಗ್ಗುತ್ತದೆ ಅಮ್ಮಾ, ಉಮಿ ಹಾಕಿ" ಎಂದಿದ್ದರು. ಥರ್ಮೊಕೋಲ್ ಹಗುರ, ಸ್ವಚ್ಛ ಎಂದು ನಾನು ಕೇಳಲಿಲ್ಲ. ಖಾಲಿ ಪೆಟ್ಟಿಗೆಯನ್ನು ನಾಲ್ಕು ದಿನ ಬಿಸಿಲಿಗಿಟ್ಟೆ. ಒಳಗಿನ ಗಾಳಿ 112 ಡಿಗ್ರಿ ಮುಟ್ಟಿತು. ಐದನೆಯ ದಿನ 90 ದಾಟಲಿಲ್ಲ. ಬಿಚ್ಚಿ ನೋಡಿದರೆ ತಗಡಿನ ಪಕ್ಕದ ಥರ್ಮೊಕೋಲ್ ಹಪ್ಪಳದಂತೆ ಸುರುಟಿಕೊಂಡು ಎರಡು ಬೆರಳು ಸಂದಿ ಬಿಟ್ಟಿತ್ತು. 180 ರೂಪಾಯಿ ಹೋಯಿತು. ಅಕ್ಕಿ ಮಿಲ್ಲಿನಿಂದ ಎರಡು ಚೀಲ ಉಮಿ ತಂದು, ಮೂರು ದಿನ ಅಂಗಳದಲ್ಲಿ ಬಿಸಿಲಿಗೆ ಹರಡಿ, ಗರಿಗರಿಯಾದ ಮೇಲೆ ಗುದ್ದಿ ತುಂಬಿದೆವು. ಒಣಗಿಸದೆ ತುಂಬಿದರೆ ನಮ್ಮ ಹವೆಗೆ ಬೂಷ್ಟು ಹಿಡಿಯುವುದು ಖಂಡಿತ.

ನವೆಂಬರ್ 3ರಂದು ಇನ್ನೊಂದು ನಷ್ಟ. ಮಧ್ಯಾಹ್ನ ಎರಡೂವರೆಗೆ ಬಿಸಿಲಿನ ನಡುವೆಯೇ ಹನಿ ಮಳೆ ಬಂತು. ನಾನು ಕಚೇರಿಯಲ್ಲಿದ್ದೆ. ಕಾದಿದ್ದ ಮೇಲಿನ ಗಾಜಿಗೆ ತಣ್ಣನೆಯ ಹನಿ ಬಿದ್ದು ಮೂಲೆಯಿಂದ ಮೂಲೆಗೆ ಸೀಳು ಬಿಟ್ಟಿತ್ತು. ಮೇಲಿನದಕ್ಕೆ ಟಫನ್ ಮಾಡಿದ, ಅಂದರೆ ಕಾಯಿಸಿ ಗಟ್ಟಿಗೊಳಿಸಿದ ಗಾಜು ಹಾಕಿಸಿದೆ, 900 ರೂಪಾಯಿ. ಮೊದಲೇ ಹಾಗೆ ಮಾಡಿದ್ದರೆ 310 ರೂಪಾಯಿ ಉಳಿಯುತ್ತಿತ್ತು. ಕೆಳಗಿನ ಗಾಜು ಸಾಮಾನ್ಯದ್ದೇ ಸಾಕು.

ಡಿಸೆಂಬರ್: ಪೆಟ್ಟಿಗೆ ಬಿಸಿ, ನೀರು ತಣ್ಣಗೆ

ಅಡುಗೆಮನೆಯ ಹೊಳೆಯುವ ಸ್ಟೀಲ್ ಪಾತ್ರೆಯಲ್ಲಿ ಹತ್ತು ಲೀಟರ್ ತುಂಬಿ ಬೆಳಗ್ಗೆ 9:30ಕ್ಕೆ ಇಟ್ಟೆ. ಮಧ್ಯಾಹ್ನ ಮೂರಕ್ಕೆ ಪೆಟ್ಟಿಗೆಯ ಗಾಳಿ 88 ಡಿಗ್ರಿ, ನೀರು 56. ಹೊಳೆಯುವ ಪಾತ್ರೆ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಒಂದೇ ಕಡೆ ಹತ್ತು ಲೀಟರ್ ಇದ್ದರೆ ಕಾಯಲು ಹೊತ್ತೂ ಸಾಲದು. ಮೂರೂವರೆ ಲೀಟರ್ ಹಿಡಿಯುವ, ಅಗಲ ಬಾಯಿಯ, ಬಿಗಿ ಮುಚ್ಚಳದ ಎರಡು ಸ್ಟೀಲ್ ಡಬ್ಬಿ ತಂದು ಹೊರಮೈಗೆ ಕಪ್ಪು ಎನಾಮೆಲ್ ಬಳಿದೆ. ನೀರು ಕಾಯಿತು, ಆದರೆ ಬಣ್ಣದ ವಾಸನೆ ಹಿಡಿದು ಬಾಯಿಗೆ ಇಡುವಂತಿರಲಿಲ್ಲ. ಉಜ್ಜಿ ತೆಗೆದು, ಮೋಟಾರ್ ಸೈಕಲ್ ಸೈಲೆನ್ಸರ್‌ಗೆ ಹಾಕುವ ಮಂಕು ಕಪ್ಪು ಬಣ್ಣವನ್ನು ಹೊರಗಿನಿಂದ ಮಾತ್ರ ಸಿಂಪಡಿಸಿ, ಖಾಲಿ ಡಬ್ಬಿಗಳನ್ನು ಪೆಟ್ಟಿಗೆಯಲ್ಲಿಟ್ಟು ಮೂರು ದಿನ ಕಾಯಿಸಿದೆ. ನಂತರ ವಾಸನೆ ಬರಲಿಲ್ಲ.

ಡಿಸೆಂಬರ್‌ನಲ್ಲಿ ನಮ್ಮಲ್ಲಿ ನಡುಹಗಲಿನ ಸೂರ್ಯನೂ ದಕ್ಷಿಣಕ್ಕೆ ವಾಲಿರುತ್ತಾನೆ, ಸುಮಾರು 53 ಡಿಗ್ರಿಯಷ್ಟೇ ಮೇಲೇರುತ್ತಾನೆ. ಬಿಸಿಲನ್ನು ಒಳಗೆ ತಿರುಗಿಸಲು ಮರದ ಹಲಗೆಗೆ ಅಲ್ಯುಮಿನಿಯಂ ಹಾಳೆ ಅಂಟಿಸಿ ಪೆಟ್ಟಿಗೆಯ ಉತ್ತರದ ಅಂಚಿಗೆ ನಿಲ್ಲಿಸಿದೆ. ಕಡಲಗಾಳಿಗೆ ಅದು ಬೇಗನೆ ಬಿಳಿ ಚುಕ್ಕೆ ಹೊಡೆದು ಮಂಕಾಯಿತು. ಈಗ ಹಳೆಯ ಕಪಾಟಿನ ಕನ್ನಡಿ ಇದೆ, ಬೆನ್ನಿಗೂ ಅಂಚಿಗೂ ಬಣ್ಣ ಬಳಿದಿದ್ದೇನೆ. ಕನ್ನಡಿ ಇಟ್ಟ ಮೇಲೆ ಏಳು ಲೀಟರಿನ ಒಂದು ದಿನದ ಲೆಕ್ಕ ಹೀಗಿತ್ತು: 9:30ಕ್ಕೆ 27 ಡಿಗ್ರಿ, 10:30ಕ್ಕೆ 38, 11:30ಕ್ಕೆ 51, 12:30ಕ್ಕೆ 63, 1:15ಕ್ಕೆ 70.

ಈ 70ನ್ನು ನಂಬಿ ಮೋಸ ಹೋದೆ. ಉಷ್ಣಮಾಪಕದ ಕಡ್ಡಿ ಮುಚ್ಚಳದಿಂದ ನಾಲ್ಕು ಬೆರಳು ಕೆಳಗಿತ್ತು. ಜನವರಿ 6ರಂದು ಅದನ್ನು ತಳದವರೆಗೆ ಇಳಿಸಿದಾಗ ಮೇಲೆ 71 ಇದ್ದ ನೀರು ತಳದಲ್ಲಿ 62 ಇತ್ತು. ಬಿಸಿನೀರು ಮೇಲೆ ನಿಲ್ಲುತ್ತದೆ, ತಣ್ಣನೆಯದು ತಳದಲ್ಲಿ ಉಳಿಯುತ್ತದೆ. ಅಲ್ಲಿಯವರೆಗೆ 'ಆಯಿತು' ಎಂದು ತೆಗೆದ ನೀರನ್ನು ಮನೆಯವರಿಗೆ ಕೊಟ್ಟಿರಲಿಲ್ಲ ಎಂಬುದೊಂದೇ ಸಮಾಧಾನ. ಬಾವಿಯ ನೀರು ಆಗಿನ್ನೂ ಸಿಹಿಯಾಗಿತ್ತು. ಡಬ್ಬಿಯ ಕೆಳಗೆ ಒಂದು ಸೆಂಟಿಮೀಟರ್ ಎತ್ತರದ ತಂತಿಯ ಮಣೆ ಇಟ್ಟ ಮೇಲೆ ಬಿಸಿಗಾಳಿ ತಳಕ್ಕೂ ಸುಳಿದು ವ್ಯತ್ಯಾಸ ಮೂರು ಡಿಗ್ರಿಗೆ ಇಳಿಯಿತು. ಅಂದಿನಿಂದ ಅಳತೆಯೆಲ್ಲ ತಳದಲ್ಲೇ.

ಜನವರಿ 10ರಿಂದ 28: ಮೇಣದ ನಳಿಗೆ

ನಾನು ಮನೆಯಲ್ಲಿಲ್ಲದ ಹೊತ್ತಿನಲ್ಲಿ ನೀರು 70 ಮುಟ್ಟಿತ್ತೇ ಎಂದು ಅಮ್ಮನಿಗೆ ತಿಳಿಯಬೇಕು. ಇದಕ್ಕೆ 1988ರಲ್ಲಿ ಫ್ರೆಡ್ ಬ್ಯಾರೆಟ್ ಎಂಬುವರು ಯೋಚಿಸಿದ ಉಪಾಯವಿದೆ. ಸಣ್ಣ ನಳಿಗೆಯ ಒಂದು ತುದಿಯಲ್ಲಿ ಮೇಣವಿಟ್ಟು ಎರಡೂ ತುದಿ ಮುಚ್ಚಬೇಕು. ಮೇಣವಿರುವ ತುದಿ ಮೇಲೆ ಬರುವಂತೆ ನೀರಿನ ತಳದಲ್ಲಿ ನಿಲ್ಲಿಸಬೇಕು. ನೀರು ಕಾದಾಗ ಮೇಣ ಕರಗಿ ಕೆಳಗಿಳಿಯುತ್ತದೆ. ಸಂಜೆ ನೀರು ತಣ್ಣಗಾದ ಮೇಲೂ ಮೇಣ ಕೆಳಗೇ ಇರುತ್ತದೆ, ಸಾಕ್ಷಿ ಅಳಿಯುವುದಿಲ್ಲ.

ಯಾವ ಮೇಣ ಎಂಬುದರಲ್ಲೇ ಎಲ್ಲ ಇದೆ. ಅಂಗಡಿಯ ಮೇಣದಬತ್ತಿ ನನ್ನ ಅಳತೆಯಲ್ಲಿ 57 ಡಿಗ್ರಿಗೇ ಕರಗಿತು. ಜೇನುಮೇಣ 63. ಸ್ಟಿಯರಿಕ್ ಆಮ್ಲ 69 ಡಿಗ್ರಿಗೆ ಕರಗುತ್ತದೆಂದು ಓದಿ, ಮೇಣದಬತ್ತಿ ಮಾಡುವವರಿಗೆ ಸಾಮಗ್ರಿ ಮಾರುವ ಅಂಗಡಿಯಿಂದ ತಂದೆ. ಅದು 55ಕ್ಕೇ ನೀರಾಯಿತು. ಎರಡು ಸಲ ಮಾಡಿದರೂ ಅಷ್ಟೇ. ತಮ್ಮನ ಹೆಂಡತಿ ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. "ಅಕ್ಕಾ, ಅಂಗಡಿಯಲ್ಲಿ ಸಿಗುವುದರಲ್ಲಿ ಪಾಮಿಟಿಕ್ ಆಮ್ಲ ಬೆರೆತಿರುತ್ತದೆ, ಬೆರಕೆ ಯಾವಾಗಲೂ ಬೇಗ ಕರಗುತ್ತದೆ" ಎಂದು ಪ್ರಯೋಗಾಲಯದ ದರ್ಜೆಯ ಶುದ್ಧ ಪುಡಿಯನ್ನು ತರಿಸಿದಳು. ಅದು 69ಕ್ಕೆ ಕರಗಿತು. ಕಿರಿಬೆರಳಿಗಿಂತ ಸಪೂರದ ಗಾಜಿನ ನಳಿಗೆಯಲ್ಲಿ ತುಂಬಿ, ಉರಿಯಲ್ಲಿ ಎರಡೂ ತುದಿಗಳನ್ನು ಅವಳೇ ಬೆಸೆದುಕೊಟ್ಟಳು. ನಾನು ರಬ್ಬರ್ ಬಿರಡೆ ಹಾಕಿ ಮಾಡಿದ ಎರಡು ನಳಿಗೆಗಳಿಗೆ ಒಂದು ವಾರದಲ್ಲೇ ನೀರು ನುಗ್ಗಿತ್ತು.

ಯಾರಾದರೂ ಇದನ್ನು ಮಾಡುವುದಿದ್ದರೆ ಪೊಟ್ಟಣದ ಮೇಲಿನ ಹೆಸರನ್ನು ನಂಬಬೇಡಿ. ಬಿಸಿನೀರಿನಲ್ಲಿ ಉಷ್ಣಮಾಪಕದ ಪಕ್ಕ ಹಿಡಿದು ಕಣ್ಣಾರೆ ನೋಡಿ. 55ಕ್ಕೆ ಕರಗುವ ಮೇಣ ಪ್ರತಿದಿನ 'ಆಯಿತು' ಎಂದು ಸುಳ್ಳು ಹೇಳುತ್ತಿತ್ತು.

ಫೆಬ್ರವರಿ 2ರಿಂದ 19: ನೀರು ಆಗಿದೆ, ಆದರೂ ಬಾಟಲಿ ಕಪ್ಪಾಯಿತು

ಪರೀಕ್ಷೆಗೆ ಹೈಡ್ರೋಜನ್ ಸಲ್ಫೈಡ್ ಬಾಟಲಿಗಳನ್ನು ತಂದೆ, ಒಂದಕ್ಕೆ 35 ರೂಪಾಯಿ. ಗೆರೆಯವರೆಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಡಬೇಕು. ಮಲದ ಸೋಂಕು ಇದ್ದರೆ ಕಪ್ಪಾಗುತ್ತದೆ. ಇದು ನಮ್ಮ ದೇಶದ್ದೇ ಕೊಡುಗೆ. ಮಂಜ, ಮೌರ್ಯ ಮತ್ತು ರಾವ್ ಎಂಬ ಮೂವರು 1982ರಲ್ಲಿ ಪ್ರಕಟಿಸಿದ ವಿಧಾನ.

ಮೊದಲ ಸುತ್ತಿನಲ್ಲಿ ಎರಡು ಬಾಟಲಿ. ಟ್ಯಾಂಕ್‌ನ ಹಸಿ ನೀರು 20 ಗಂಟೆಗಳಲ್ಲಿ ಕಪ್ಪಾಯಿತು. ಅದನ್ನು ನಿರೀಕ್ಷಿಸಿದ್ದೆ. ಎರಡನೆಯದು ಕಾಯಿಸಿ ಆರಿಸಿ, ಊಟದ ಕೋಣೆಯ ಮಣ್ಣಿನ ಮಡಕೆಯಲ್ಲಿ ತುಂಬಿಟ್ಟ ನೀರು. ಅದೂ 30 ಗಂಟೆಗಳಲ್ಲಿ ಕಪ್ಪಾಯಿತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂಬತ್ತು ತಿಂಗಳ ಕೆಲಸ, ಮೂವತ್ತು ಸಾವಿರ ರೂಪಾಯಿ, ಕೊನೆಗೆ ಮಗುವಿಗೆ ಕೊಡಲಾಗದ ನೀರು. ಬೆಳಗ್ಗೆ ಎದ್ದು ಹಂತ ಹಂತವಾಗಿ ಹುಡುಕಿದೆ. ಬಾಟಲಿಗಳ ಮೇಲೆ ಅಂಕಿ ಬರೆದು ನೀರಿನ ದಾರಿಯುದ್ದಕ್ಕೂ ಒಂದೊಂದು ಕಡೆ ತುಂಬಿದೆ.

1. ಮೇಣ ಇಳಿದ ಕೂಡಲೇ ಕಪ್ಪು ಡಬ್ಬಿಯಿಂದ ನೇರವಾಗಿ: 48 ಗಂಟೆಯಾದರೂ ಬಣ್ಣ ಬದಲಾಗಲಿಲ್ಲ.
2. ಮುಚ್ಚಿದ ಡಬ್ಬಿಯಲ್ಲೇ ರಾತ್ರಿ ಆರಿದ ನೀರು: ಬದಲಾಗಲಿಲ್ಲ.
3. ಮಡಕೆಯ ನೀರು: ಕಪ್ಪು.

ಬಿಸಿಲು ತನ್ನ ಕೆಲಸ ಮಾಡಿತ್ತು. ಕೆಟ್ಟದ್ದು ಡಬ್ಬಿಯಿಂದ ಲೋಟಕ್ಕೆ ಬರುವ ದಾರಿಯಲ್ಲಿ. ಮಡಕೆಯ ಬಳಿ ನಿಂತು ನೋಡಿದಾಗ ಮೂರು ಸಂಗತಿ ಕಂಡವು. ಮಡಕೆಯ ಮಣ್ಣನ್ನು ಎಷ್ಟು ತೊಳೆದರೂ ಅದರ ರಂಧ್ರಗಳ ಒಳಗನ್ನು ತೊಳೆಯಲಾಗದು. ಎಲ್ಲರೂ ಲೋಟವನ್ನು ಅದ್ದಿ ನೀರು ತೆಗೆಯುತ್ತಿದ್ದೆವು, ಮಗು ಮೊಣಕೈವರೆಗೆ ಕೈ ಹಾಕುತ್ತಿದ್ದ. ಮಳೆನೀರು ಸಪ್ಪೆ ಎಂದು ಅಮ್ಮ ಅದಕ್ಕೆ ಲಾವಂಚದ ಬೇರಿನ ಕಟ್ಟು ಹಾಕುತ್ತಿದ್ದರು. ಇವುಗಳಲ್ಲಿ ಯಾವುದೆಂದು ಬೇರೆ ಬೇರೆಯಾಗಿ ಪರೀಕ್ಷಿಸಿದೆ. ಕುದಿಯುವ ನೀರಿನಿಂದ ತೊಳೆದ ಮಡಕೆ, ಬೇರಿಲ್ಲ, ಅದ್ದಿಲ್ಲ: 44 ಗಂಟೆಗೆ ಕಪ್ಪು. ಸ್ವಚ್ಛ ಸ್ಟೀಲ್ ಪಾತ್ರೆ, ಬೇರು ಮಾತ್ರ: 26 ಗಂಟೆಗೆ ಕಪ್ಪು. ಲಾವಂಚ ಮಣ್ಣಿನಿಂದ ಕಿತ್ತ ಬೇರು, ಒಣಗಿಸಿದರೂ ಮಣ್ಣಿನದೇ. ಕಪ್ಪಾದದ್ದೆಲ್ಲ ಮಲದ ಸೋಂಕಿನಿಂದಲೇ ಎನ್ನಲಾಗದು. ಈ ಪರೀಕ್ಷೆಗೆ ಮಣ್ಣಿನ ಕೆಲವು ಸೂಕ್ಷ್ಮಾಣುಗಳೂ ಕಪ್ಪು ತೋರಿಸುತ್ತವೆ. ಆದರೆ ಕಾಯಿಸಿದ ನೀರಿಗೆ ಹೊರಗಿನದು ಸೇರಿತ್ತೆಂಬುದು ಖಚಿತವಾಯಿತು.

ಬೇರು ಬೇಡವೆಂದು ಅಮ್ಮನಿಗೆ ಹೇಳಲು ಮನಸ್ಸು ಬರಲಿಲ್ಲ. ಲಾವಂಚದ ನೀರು ಕುಡಿದು ಬೇಸಿಗೆ ಕಳೆದವರು ಅವರು. ಬಾಟಲಿಗಳನ್ನು ಸಾಲಾಗಿಟ್ಟು ತೋರಿಸಿದೆ. ಅಮ್ಮ ಬಹಳ ಹೊತ್ತು ನೋಡಿ, "ಹಾಗಾದರೆ ಕಾಯುವ ಮೊದಲೇ ಹಾಕಿದರೆ ಆಗದೇ?" ಎಂದು ಕೇಳಿದರು. ನನಗೆ ಹೊಳೆಯದೆ ಇದ್ದ ಪರಿಹಾರ ಅದೇ. ಈಗ ಬೇರಿನ ಕಟ್ಟನ್ನು ಬೆಳಗ್ಗೆಯೇ ಕಪ್ಪು ಡಬ್ಬಿಗೆ ಹಾಕಿ ನೀರಿನೊಂದಿಗೆ ಕಾಯಿಸುತ್ತೇವೆ. ಪರಿಮಳ ಮೊದಲಿಗಿಂತ ಚೆನ್ನಾಗಿ ಇಳಿಯುತ್ತದೆ, ಬಾಟಲಿ ಕಪ್ಪಾಗುವುದಿಲ್ಲ. ಮಡಕೆಯ ಬದಲಿಗೆ ನಲ್ಲಿಯಿರುವ 20 ಲೀಟರಿನ ಸ್ಟೀಲ್ ಡ್ರಮ್ ತಂದೆ. ಮೇಣ ಇಳಿದ ನೀರನ್ನು ಆರಲು ಬಿಡದೆ ಬಿಸಿಯಿರುವಾಗಲೇ ಅದಕ್ಕೆ ಸುರಿದು, ಮೊದಲ ಎರಡು ಲೋಟವನ್ನು ನಲ್ಲಿಯಿಂದ ಹೊರಗೆ ಬಿಡುತ್ತೇವೆ. ಆ ಬಿಸಿಗೆ ಡ್ರಮ್‌ನ ಒಳಮೈಯೂ ನಲ್ಲಿಯ ಕೊರಳೂ ತೊಳೆದಂತಾಗುತ್ತದೆ. ಮುಚ್ಚಳವನ್ನು ನೀರು ಸುರಿಯುವಾಗ ಬಿಟ್ಟು ಬೇರೆ ಹೊತ್ತಿನಲ್ಲಿ ಯಾರೂ ತೆಗೆಯುವುದಿಲ್ಲ. ಕ್ಲೋರಿನ್ ಹಾಕಿದ ನೀರಿಗೆ ಇರುವಂತೆ ತನ್ನನ್ನು ಕಾಯ್ದುಕೊಳ್ಳುವ ಶಕ್ತಿ ಕಾಯಿಸಿದ ನೀರಿಗೆ ಇಲ್ಲ.

ಫೆಬ್ರವರಿ 19ರಂದು ಡ್ರಮ್‌ನ ನೀರನ್ನು ಪ್ರಯೋಗಾಲಯಕ್ಕೂ ಕೊಟ್ಟೆ. 100 ಮಿಲಿಲೀಟರ್‌ನಲ್ಲಿ ಮಲದ ಸೋಂಕಿನ ಗುರುತಾದ ಇ. ಕೋಲಿ ಪತ್ತೆಯಾಗಿಲ್ಲವೆಂದು ವರದಿ ಬಂತು. ಕುಡಿಯುವ ನೀರಿಗೆ ಭಾರತೀಯ ಮಾನಕ 10500 ಕೇಳುವುದೂ ಅದನ್ನೇ. ವರದಿ ಬಂದ ಮರುದಿನದಿಂದಲೇ ಕುಡಿಯತೊಡಗಿದೆವು, ವರದಿಗಾಗಿ ಕಾದ ನಾಲ್ಕು ದಿನ ಗ್ಯಾಸಿನಲ್ಲಿ ಕುದಿಸಿಕೊಂಡಿದ್ದೆವು.

ಫೆಬ್ರವರಿ 24ರಿಂದ ಮೇ 21: ದಿನದ ಕ್ರಮ

ಬೆಳಗ್ಗೆ ಒಂಬತ್ತಕ್ಕೆ ಗಾಜು ಒರೆಸಿ ಎರಡು ಡಬ್ಬಿ ಇಡುವುದು. ಮಾರ್ಚ್‌ನಲ್ಲಿ ಒಂದು ಗಂಟೆಗೆ ಮುಂಚೆ ಮೇಣ ಇಳಿಯುತ್ತಿತ್ತು. ಏಪ್ರಿಲ್ ಕೊನೆಯ ವಾರ ಸೂರ್ಯ ನೆತ್ತಿಯ ಮೇಲೆಯೇ ಬಂದು ನಡುಹಗಲಿಗೆ ಕಂಬದ ನೆರಳೂ ಕಾಣದಂತಾದಾಗ ಹನ್ನೆರಡಕ್ಕೇ ಮೊದಲ ಏಳು ಲೀಟರ್, ಎರಡೂವರೆಗೆ ಇನ್ನೊಂದು ಏಳು ಲೀಟರ್ ಸಿಕ್ಕಿತು. ಉಪ್ಪು ಹೆಚ್ಚಿದಷ್ಟೂ ಬಿಸಿಲೂ ಹೆಚ್ಚಿತು. ಮೇ ತಿಂಗಳಲ್ಲಿ ಮೋಡ ಕಟ್ಟಿದ ಒಂಬತ್ತು ದಿನ ಮೇಣ ಇಳಿಯಲಿಲ್ಲ. ಅಂಥ ನೀರನ್ನು 'ಸಾಕಷ್ಟು ಬಿಸಿಯಾಗಿದೆ' ಎಂದು ಬಳಸುವುದಿಲ್ಲ, ಒಲೆಗೆ ಹೋಗುತ್ತದೆ. ಈ ನಿಯಮದಲ್ಲಿ ರಿಯಾಯಿತಿ ಇಟ್ಟಿಲ್ಲ.

ಬಿಸಿಲಿನ ಪೆಟ್ಟಿಗೆ ರೋಗಾಣುಗಳಿಗೆ ಮಾತ್ರ. ಉಪ್ಪನ್ನಾಗಲಿ, ಸೀಸವನ್ನಾಗಲಿ, ಕೀಟನಾಶಕವನ್ನಾಗಲಿ ಅದು ತೆಗೆಯದು. ಬಾವಿಯ ಉಪ್ಪುನೀರನ್ನು ಇದರಲ್ಲಿ ಕಾಯಿಸಿ ಪ್ರಯೋಜನವಿಲ್ಲ. ಸಿಮೆಂಟ್ ಶೀಟಿನ ಮಾಡು ಅಥವಾ ಸಿಪ್ಪೆ ಏಳುವ ಹಳೆಯ ಬಣ್ಣದ ಮಾಡು ಇದ್ದವರು ಆ ನೀರನ್ನು ಕುಡಿಯಲು ಹಿಡಿಯದಿರುವುದೇ ಒಳ್ಳೆಯದು.

ಖರ್ಚು: ಟ್ಯಾಂಕ್ 13,500, ಕಟ್ಟೆ 3,800, ದಂಬೆ ಮತ್ತು ಪೈಪ್ 4,200, ಹಳೆಯ ಡ್ರಮ್ 400, ನಲ್ಲಿ ಜಾಲರಿ ಇತ್ಯಾದಿ 650, ಮಳೆನೀರಿನ ಭಾಗಕ್ಕೆ 22,550 ರೂಪಾಯಿ. ಪೆಟ್ಟಿಗೆಯ ಮರ ಮತ್ತು ಮಜೂರಿ 2,900, ತಗಡು 750, ಮೊದಲ ಗಾಜುಗಳು 620, ಟಫನ್ ಗಾಜು 900, ಥರ್ಮೊಕೋಲ್ 180, ಉಮಿ 120, ಎರಡು ಬಗೆಯ ಬಣ್ಣ 460, ಡಬ್ಬಿಗಳು 1,150, ನಲ್ಲಿಯ ಡ್ರಮ್ 1,600, ಉಷ್ಣಮಾಪಕ 390, ಮೇಣ ಮತ್ತು ನಳಿಗೆ 210, ಪರೀಕ್ಷೆಯ 14 ಬಾಟಲಿ 490. ಈ ಭಾಗಕ್ಕೆ 9,770. ಒಟ್ಟು 32,320 ರೂಪಾಯಿ, ಪ್ರಯೋಗಾಲಯದ ಶುಲ್ಕ ಬೇರೆ.

ಮೇ 21ರ ಸಂಜೆ ಟ್ಯಾಂಕ್‌ಗೆ ಕೋಲು ಇಳಿಸಿ ನೋಡಿದೆ. ಸುಮಾರು 750 ಲೀಟರ್ ಉಳಿದಿದೆ, ಜೂನ್ ಮಳೆಗೆ ಬಾವಿ ಸಿಹಿಯಾಗುವವರೆಗೆ ಧಾರಾಳ. ಪಕ್ಕದ ಮನೆಯ ಬಾಯಮ್ಮ ತಮ್ಮ ಮೊಮ್ಮಗಳಿಗೆಂದು ದಿನಕ್ಕೆ ಎರಡು ಲೀಟರ್ ಒಯ್ಯುತ್ತಿದ್ದಾರೆ, ಅವರಿಗೂ ಒಂದು ಪೆಟ್ಟಿಗೆ ಬೇಕಂತೆ. ಆಚಾರಿಯವರು ನಿನ್ನೆ ಬಂದು ಅಳತೆ ತೆಗೆದುಕೊಂಡು ಹೋದರು. ಈ ಸಲ ಉಮಿಯನ್ನು ಮಳೆಗೆ ಮೊದಲೇ ಒಣಗಿಸಿಡಬೇಕು, ಅಂಗಳದಲ್ಲಿ ಹರಡಿದ್ದೇನೆ.